ಅಮೆರಿಕದ ಮಗನ ಮನೆಗೆ ಹೊರಟಿದ್ದೀರಾ? ಪಿಸ್ತೂಲ್ ಇದ್ಯಾ, ಎಲ್ಲಿದೆ ಅಂತ ಮೊದಲೇ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಒಬ್ರು, ಅಮೆರಿಕದಲ್ಲಿ ಸಂತೇಲಿ ಬದನೆಕಾಯಿ ಆರಿಸಿದ ಹಾಗೆ ಗನ್ನು ಆರಿಸ್ಕೊಂಡು ಬರಬಹುದು ಅಂತ ಬರೆದಿದ್ರು. ಅದರಲ್ಲಿ ಅರ್ಧ ನಿಜ ಇದೆ, ಅರ್ಧ ಇಲ್ಲ. ನಾನು ಸಕಲೇಶಪುರದ ಕಡೆಯವನು, 2008ರಲ್ಲಿ ಇಲ್ಲಿಗೆ ಬಂದೆ, ಗ್ರೀನ್ ಕಾರ್ಡ್ ಕೈಗೆ ಬಂದಿದ್ದು 2021ರಲ್ಲಿ, ಟೆಕ್ಸಾಸ್‌ನಲ್ಲಿ ಆಸ್ಪತ್ರೆ ಲ್ಯಾಬ್ ಕೆಲಸ, ವಾರದಲ್ಲಿ ಮೂರು ರಾತ್ರಿ ನೈಟ್ ಶಿಫ್ಟು. ಎರಡು ವರ್ಷದ ಹಿಂದೆ ನಮ್ಮ ಬಡಾವಣೇಲಿ ಒಂದೇ ತಿಂಗಳಲ್ಲಿ ಎರಡು ಮನೆ ಒಡೆದ್ರು, ಎರಡೂ ನಮ್ಮ ಇಂಡಿಯಾದವರ ಮನೆ, ಹೋಗಿದ್ದೂ ಬರೀ ಬಂಗಾರ. ನಾನು ರಾತ್ರಿ ಡ್ಯೂಟೀಲಿ ಇರುವಾಗ ಹೆಂಡ್ತಿ, ಆರು ವರ್ಷದ ಮಗ ಇಬ್ರೇ ಮನೇಲಿ. ಅವಳಿಗೆ ನಿದ್ದೆ ಬರ್ತಿಲ್ಲ ಅಂದಾಗ ಇಬ್ರೂ ಕೂತು ಮಾತಾಡಿ, ಮನೆ ಹತ್ರ ಇರೋ ಗನ್ ಅಂಗಡೀಲಿ ಒಂದು ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ತಗೊಂಡ್ವಿ. ತಗೊಂಡಿದ್ದು ಸರಿನೋ ತಪ್ಪೋ ಅನ್ನೋ ವಾದಕ್ಕೆ ಈ ಪತ್ರ ಅಲ್ಲ. ತಗೊಂಡು ಮನೆಗೆ ತಂದ ಮೇಲೆ ಏನಾಯ್ತು ಅನ್ನೋದನ್ನ ಊರಲ್ಲಿರೋ ಅಪ್ಪ ಅಮ್ಮಂದಿರು ಓದಲಿ ಅಂತ ಬರೀತಿದ್ದೀನಿ.

ಅಂಗಡಿ ಅಂದ್ರೆ ಟೈರ್ ಶಾಪ್ ಪಕ್ಕದಲ್ಲಿ ಒಂದು ಉದ್ದನೆ ಹಾಲು, ಗಾಜಿನ ಕೌಂಟರ್ ಒಳಗೆ ಹಳೇ ಪಿಸ್ತೂಲುಗಳು ಸಾಲಾಗಿ ಮಲಗಿರುತ್ವೆ, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಬೆಲೆ ಚೀಟಿ. ನಾನು ನೋಡಿದ್ದು ಗ್ಲಾಕ್ 19. ಆಸ್ಟ್ರಿಯಾದ ಕಂಪನಿ, 1988ರಲ್ಲಿ ಬಂದ ಮಾಡೆಲ್ಲು, 9 ಎಂಎಂ ಗುಂಡು, ಹಿಡಿಕೆಯೊಳಗೆ ಕೂರೋ ಗುಂಡಿನ ಡಬ್ಬಿ ಅಂದ್ರೆ ಮ್ಯಾಗಜಿನ್‌ಗೆ 15 ಹಿಡಿಯುತ್ತೆ, ಇದರ ಅಣ್ಣನ ಹಾಗಿರೋ ಗ್ಲಾಕ್ 17ಕ್ಕಿಂತ ಒಂದು ಸೈಜ್ ಚಿಕ್ಕದು, ಅದಕ್ಕೇ ಇದನ್ನ ಕಾಂಪ್ಯಾಕ್ಟ್ ಅಂತಾರೆ. ಕೌಂಟರ್ ಹಿಂದೆ ಇದ್ದ ವಯಸ್ಸಾದ ಮನುಷ್ಯ ಇದು ಪೊಲೀಸರ ಕೈಯಲ್ಲಿದ್ದಿದ್ದು ಅಂದ. ಇಲ್ಲಿ ಪೊಲೀಸ್ ಇಲಾಖೆಗಳು ಹೊಸ ಪಿಸ್ತೂಲ್ ತಗೊಳ್ಳೋವಾಗ ಹಳೇದನ್ನೆಲ್ಲ ಒಟ್ಟಿಗೆ ಡೀಲರ್‌ಗಳಿಗೆ ಕೊಟ್ಟುಬಿಡ್ತವೆ, ಹೊರಗಡೆ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಅಂಚಿನ ಬಣ್ಣ ಹೋಗಿರುತ್ತೆ ಆದ್ರೆ ಒಳಗೆ ಅಷ್ಟು ಸವೆದಿರಲ್ಲ, ಯಾಕಂದ್ರೆ ಹೆಚ್ಚಿನ ಪೊಲೀಸರು ಗುಂಡು ಹಾರಿಸೋದು ಪ್ರಾಕ್ಟೀಸ್‌ಗೆ ಹೋದಾಗ ಮಾತ್ರ.

ಆ ಮನುಷ್ಯ ತೋರಿಸಿಕೊಟ್ಟ ರೀತಿಗೆ ನಾನು ಈಗಲೂ ಕೈ ಮುಗೀತೀನಿ. ಮೊದಲು ಮ್ಯಾಗಜಿನ್ ಹೊರಗೆ ತೆಗೆದ, ಆಮೇಲೆ ಸ್ಲೈಡ್, ಅಂದ್ರೆ ಹಿಂದೆ ಮುಂದೆ ಜಾರೋ ಮೇಲಿನ ಭಾಗ, ಹಿಂದಕ್ಕೆ ಎಳೆದು ಲಾಕ್ ಮಾಡಿದ, ಒಳಗೆ ಗುಂಡು ಉಳಿದಿದ್ಯಾ ಅಂತ ಕಣ್ಣಲ್ಲಿ ನೋಡಿದ, ಅಷ್ಟು ಸಾಲದು ಅಂತ ಕಿರುಬೆರಳು ಒಳಗೆ ಹಾಕಿ ಮುಟ್ಟಿ ನೋಡಿದ, ನನ್ನ ಕೈಯಲ್ಲೂ ಮುಟ್ಟಿಸಿದ. ಟಾರ್ಚ್ ಬಿಟ್ಟು ನಳಿಗೆ ಒಳಗೆ ಸುರುಳಿ ಗೆರೆ ಚೂಪಾಗಿ ಇದ್ಯಾ ನೋಡು ಅಂದ. ನಳಿಗೆ ಮೇಲಕ್ಕೆ ಮಾಡಿ, ಟ್ರಿಗರ್ ಒತ್ತಿ ಹಿಡಿದು, ಸ್ಲೈಡ್ ಹಿಂದಕ್ಕೆ ಎಳೆದು ನಿಧಾನಕ್ಕೆ ಬಿಡ್ತಾ ಬಂದ್ರೆ ಸ್ಪ್ರಿಂಗ್ ಚೆನ್ನಾಗಿದ್ರೆ ಅದೇ ಪೂರ್ತಿ ಮುಚ್ಚಿಕೊಳ್ಳುತ್ತೆ, ಅರ್ಧಕ್ಕೆ ನಿಂತ್ರೆ ಸ್ಪ್ರಿಂಗ್ ಸತ್ತಿದೆ ಅಂತ ಲೆಕ್ಕ. ಗುರಿ ನೋಡೋ ಜಾಗದಲ್ಲಿ ಕತ್ತಲಲ್ಲಿ ಹೊಳೆಯೋ ಟ್ರಿಟಿಯಂ ಚುಕ್ಕಿ ಇತ್ತು, ಅದು ಸುಮಾರು 12 ವರ್ಷಕ್ಕೆ ಅರ್ಧ ಬೆಳಕಿಗೆ ಇಳಿಯುತ್ತೆ, ಇದರದ್ದು ಮಂಕಾಗಿತ್ತು, ಅದನ್ನೂ ಅವನೇ ಬಾಯಿಬಿಟ್ಟು ಹೇಳಿದ. ಬೆಲೆ 399 ಡಾಲರ್, ಮೇಲೆ ಟ್ಯಾಕ್ಸು.

ಇನ್ನು ಬದನೆಕಾಯಿ ವಿಷಯ. ಲೈಸೆನ್ಸ್ ಇರೋ ಅಂಗಡೀಲಿ ಕೊಂಡ್ರೆ ಫಾರ್ಮ್ 4473 ಅಂತ ಒಂದು ತುಂಬಲೇಬೇಕು. ಇದು ನಿನಗೇ ತಗೊಳ್ತಿದ್ಯಾ ಬೇರೆಯವರಿಗಾ, ಕೋರ್ಟಲ್ಲಿ ಶಿಕ್ಷೆ ಆಗಿದ್ಯಾ, ಮಾದಕ ವಸ್ತು ತಗೊಳ್ತೀಯಾ (ಗಾಂಜಾ ನಿಮ್ಮ ರಾಜ್ಯದಲ್ಲಿ ಓಕೆ ಇದ್ರೂ ಫೆಡರಲ್, ಅಂದ್ರೆ ಇಡೀ ದೇಶದ ಕಾನೂನಲ್ಲಿ ಓಕೆ ಅಲ್ಲ ಅಂತ ಫಾರ್ಮ್‌ನಲ್ಲೇ ಬರೆದಿದೆ), ಹೆಂಡ್ತಿಗೆ ಹೊಡೆದ ಕೇಸ್ ಇದ್ಯಾ, ಯಾವ ದೇಶದ ಪ್ರಜೆ, ಯಾವ ವೀಸಾ. ಅಂಗಡಿಯಿಂದ ಪಿಸ್ತೂಲ್ ತಗೊಳ್ಳೋಕೆ 21 ವರ್ಷ ತುಂಬಿರಬೇಕು. ಆಮೇಲೆ ಇವನಿಗೆ ಗನ್ ಕೊಡಬಹುದಾ ಅಂತ ನೋಡೋಕೆ ಎಫ್‌ಬಿಐನವರ ಕಂಪ್ಯೂಟರ್‌ಗೆ ಹೆಸರು ಹೋಗುತ್ತೆ, ಈ ವ್ಯವಸ್ಥೆ 1998ರ ನವೆಂಬರ್‌ನಿಂದ ನಡೀತಿದೆ. ಹೆಚ್ಚಿನವರಿಗೆ ಕೆಲವು ನಿಮಿಷದಲ್ಲಿ ಉತ್ತರ ಬರುತ್ತೆ, ನನಗೆ ಡಿಲೇ ಅಂತ ಬಂತು, ಎರಡು ದಿನ ಬಿಟ್ಟು ಹೋಗಿ ತಂದೆ. ಆದ್ರೆ ನಿಮ್ಮ ವಾಚಕರು ಹೇಳಿದ್ದು ಎಲ್ಲಿ ನಿಜ ಅಂದ್ರೆ, ಇದೇ ಟೆಕ್ಸಾಸ್‌ನಲ್ಲಿ ಪಕ್ಕದ ಮನೆಯವನು ತನ್ನ ಹಳೇ ಪಿಸ್ತೂಲ್ ನನಗೆ ಮಾರಿದ್ರೆ ಈ ಫಾರ್ಮೂ ಇಲ್ಲ ಎಫ್‌ಬಿಐ ತಪಾಸಣೆಯೂ ಇಲ್ಲ. ನಮ್ಮಪ್ಪ ಒಂಟಿ ನಳಿಗೆ ಕೋವಿಯ ಲೈಸೆನ್ಸ್ ರಿನ್ಯೂವಲ್‌ಗೆ ಮೂರು ವರ್ಷಕ್ಕೊಂದು ಸಲ ಚಪ್ಪಲಿ ಸವೆಸಿದ್ದು, ಪ್ರತಿ ಎಲೆಕ್ಷನ್‌ಗೂ ಅದನ್ನ ಗೋಣಿಚೀಲದಲ್ಲಿ ಸುತ್ತಿ ಸ್ಟೇಷನ್‌ಗೆ ಒಪ್ಪಿಸಿ ರಸೀದಿ ತಂದಿದ್ದು ನೋಡಿ ಬೆಳೆದವನಿಗೆ ಇದು ಜೀರ್ಣ ಆಗೋದು ಕಷ್ಟ.

ಇಲ್ಲೇ ಒಂದು ಮಾತು ಎಚ್-1ಬಿ, ಅಂದ್ರೆ ಕೆಲಸದ ವೀಸಾದಲ್ಲಿ ಇರೋ ನಮ್ಮ ಹುಡುಗರಿಗೆ. ಎಚ್-1ಬಿ, ಸ್ಟೂಡೆಂಟ್ ವೀಸಾ ಇಂಥವರಿಗೆ ಫೆಡರಲ್ ಕಾನೂನು ಪ್ರಕಾರ ಗನ್ ಇಟ್ಕೊಳ್ಳೋ ಹಾಗೇ ಇಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅದನ್ನ ನಂಬಿಕೊಂಡು ಹೋಗೋ ಮೊದಲು ಲಾಯರ್ ಹತ್ರ ಕೂತು ಕೇಳಿ, ವಾಟ್ಸಾಪ್ ಗ್ರೂಪಲ್ಲಿ ಕೇಳಬೇಡಿ. ನಾನು ತಗೊಂಡ ಸುದ್ದಿ ಗೊತ್ತಾದ ಮೇಲೆ ಗೆಳೆಯನೊಬ್ಬ, ಅಣ್ಣ ನಿಮ್ಮ ಹೆಸರಲ್ಲಿ ನನಗೊಂದು ತಗೊಡಿ ದುಡ್ಡು ನಾನೇ ಕೊಡ್ತೀನಿ ಅಂದ, ಒಳ್ಳೇ ಹುಡುಗ, ಅವನ ಭಯಾನೂ ನಿಜವೇ. ಆದ್ರೆ ಹಾಗೆ ಬೇರೆಯವರಿಗೋಸ್ಕರ ಕೊಂಡು ಕೊಡೋದಕ್ಕೆ 2022ರ ಹೊಸ ಕಾನೂನಿನಲ್ಲಿ 15 ವರ್ಷದವರೆಗೆ ಜೈಲು ಇದೆ, ಗ್ರೀನ್ ಕಾರ್ಡ್ ಇದ್ದವರೂ ಗನ್ ಕೇಸಲ್ಲಿ ಶಿಕ್ಷೆ ಆದ್ರೆ ಗಡೀಪಾರು ಆಗಬಹುದು. ಅವನಿಗೆ ಆಗಲ್ಲಪ್ಪ ಅಂತ ಹೇಳಿ, ಬದಲಿಗೆ ಮನೆಗೆ ಕ್ಯಾಮೆರಾ ಹಾಕಿಸಿಕೊಟ್ಟೆ, ಬಂಗಾರ ಬ್ಯಾಂಕ್ ಲಾಕರ್‌ಗೆ ಸೇರಿಸೋಕೆ ಹೇಳಿದೆ.

ಈಗ ನಾನು ಹೇಳಬೇಕಾಗಿರೋ ವಿಷಯ. ಅಷ್ಟುದ್ದ ಫಾರ್ಮ್, ಅಷ್ಟು ಪ್ರಶ್ನೆ, ಸ್ಪ್ರಿಂಗ್ ಬಗ್ಗೆ ಚುಕ್ಕಿ ಬಗ್ಗೆ ಅಷ್ಟು ವಿವರ, ಇದನ್ನ ಮನೇಲಿ ಎಲ್ಲಿ ಇಡ್ತೀಯಪ್ಪ, ಮಕ್ಕಳು ಇದ್ದಾರಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಡೀಲರ್ ಪಿಸ್ತೂಲ್ ಮಾರಿದ್ರೆ ಜೊತೆಗೆ ಒಂದು ಬೀಗ ಕೊಡಬೇಕು ಅಂತ 2005ರ ಕಾನೂನಿದೆ, ಹಾಗಾಗಿ ಸೈಕಲ್‌ಗೆ ಹಾಕ್ತೀವಲ್ಲ ಅಂಥದ್ದೇ ಸಣ್ಣ ಕೇಬಲ್ ಬೀಗ ಡಬ್ಬಿ ಒಳಗೆ ಹಾಕಿ ಕೊಟ್ರು. ಅದನ್ನ ಹೇಗೆ ಪೋಣಿಸೋದು ಅಂತ ತೋರಿಸ್ಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ತಂದೆ, ಮಂಚದ ಪಕ್ಕದ ಡ್ರಾಯರ್‌ನಲ್ಲಿ ಇಟ್ಟೆ, ರಾತ್ರಿ ಕೈಗೆ ಸಿಗಲಿ ಅಂತ. ಬೀಗ ಡಬ್ಬೀಲೇ ಉಳೀತು.

ಮುಂದಿನ ಬೇಸಿಗೇಲಿ ಅಮ್ಮ ಬಂದ್ರು, ಆರು ತಿಂಗಳಿಗೆ. ಒಂದು ಶನಿವಾರ ಮಧ್ಯಾಹ್ನ ಅವರಿಗೆ ತಲೆನೋವು, ನಾನು ಗ್ಯಾರೇಜಲ್ಲಿ ಏನೋ ಮಾಡ್ತಿದ್ದೆ, ಅವರು ಅಮೃತಾಂಜನ ಹುಡುಕ್ಕೊಂಡು ನಮ್ಮ ರೂಮಿಗೆ ಹೋಗಿ ಡ್ರಾಯರ್ ತೆಗೆದಿದ್ದಾರೆ. ನಾನು ಕೈ ತೊಳೆಯೋಣ ಅಂತ ಒಳಗೆ ಬಂದ್ರೆ ಹಾಲ್‌ನಲ್ಲಿ ಅಮ್ಮ ನಿಂತಿದ್ದಾರೆ, ಒಂದು ಕೈಯಲ್ಲಿ ಅಮೃತಾಂಜನದ ಬಾಟ್ಲಿ, ಇನ್ನೊಂದು ಕೈಯಲ್ಲಿ ಪಿಸ್ತೂಲ್, ನಳಿಗೆ ಹಿಡ್ಕೊಂಡು ಹಿಡಿಕೆಯನ್ನ ಮೊಮ್ಮಗನ ಕಡೆ ಚಾಚಿ, "ಪುಟ್ಟಾ, ನಿನ್ನ ಆಟದ ಸಾಮಾನು ಅಪ್ಪನ ಡ್ರಾಯರಲ್ಲಿ ಯಾಕೋ ಇಟ್ಟಿದ್ದೀಯ, ತಗೋ" ಅಂತಿದ್ದಾರೆ. ಅವನು ಕೈ ಚಾಚಿದ್ದ.

ಚೇಂಬರ್‌ನಲ್ಲಿ, ಅಂದ್ರೆ ಹಾರೋ ಮುಂಚೆ ಗುಂಡು ಬಂದು ಕೂರೋ ಜಾಗದಲ್ಲಿ, ಗುಂಡು ಇರಲಿಲ್ಲ, ಆದ್ರೆ ತುಂಬಿದ ಮ್ಯಾಗಜಿನ್ ಒಳಗೇ ಇತ್ತು. ಸ್ಲೈಡ್ ಒಂದು ಸಲ ಎಳೆದು ಬಿಟ್ರೆ ಸಾಕಿತ್ತು, ಗುಂಡು ಅಲ್ಲಿಗೆ ಏರ್ತಿತ್ತು, ಈ ಪಿಸ್ತೂಲ್‌ಗೆ ಬೆರಳಲ್ಲಿ ಹಾಕಿ ತೆಗೆಯೋ ಬೇರೆ ಸೇಫ್ಟಿ ಗುಂಡಿ ಇಲ್ಲ, ಸೇಫ್ಟಿ ಎಲ್ಲ ಟ್ರಿಗರ್‌ನಲ್ಲಿ, ಒಳಗಿನ ಭಾಗದಲ್ಲಿ ಇದೆ, ಟ್ರಿಗರ್ ಒತ್ತಿದ್ರೆ ಮುಗೀತು. ನಾನು ಹೇಗೆ ಹೋಗಿ ಕಸ್ಕೊಂಡೆ ನನಗೆ ನೆನಪಿಲ್ಲ, ಅಮೃತಾಂಜನದ ಬಾಟ್ಲಿ ಬಿದ್ದು ಒಡೆದಿದ್ದು, ಇಡೀ ಹಾಲ್ ಅದರ ವಾಸನೆ ತುಂಬಿಕೊಂಡಿದ್ದು ನೆನಪಿದೆ.

ನಮ್ಮಮ್ಮ ಕೋವಿ ಗೊತ್ತಿಲ್ಲದ ಹೆಂಗಸಲ್ಲ. ನಲವತ್ತು ವರ್ಷ ಕೋವಿ ಇರೋ ಮನೇಲಿ ಸಂಸಾರ ಮಾಡಿದವರು, ಹಂದಿ ಬಂದ ರಾತ್ರಿ ಅಪ್ಪನಿಗೆ ತೋಟೆ ಎಣಿಸಿ ಕೊಡ್ತಿದ್ದವರೇ ಅವರು. ಅವರ ಲೆಕ್ಕದಲ್ಲಿ ಬಂದೂಕು ಅಂದ್ರೆ ಮರದ ಹಿಡಿ, ಕಬ್ಬಿಣದ ಉದ್ದ ನಳಿಗೆ, ಎತ್ತಿದ್ರೆ ಭುಜಕ್ಕೆ ಭಾರ. ಇದೋ ಹಿಡಿಕೆಯಿಂದ ಮುಂದಿನವರೆಗೆ ಕೆಳಭಾಗ ಪೂರ್ತಿ ಪ್ಲಾಸ್ಟಿಕ್ಕು, 15 ಗುಂಡು ತುಂಬಿದ್ರೂ ಒಂದು ಕೆಜಿ ತೂಗಲ್ಲ. ನಮ್ಮ ಹುಡುಗನ ನೀರಿನ ಪಿಚಕಾರಿಗೂ ಇದಕ್ಕೂ ಬಣ್ಣ ಬಿಟ್ರೆ ಕೈಗೆ ದೊಡ್ಡ ವ್ಯತ್ಯಾಸ ತಿಳಿಯಲ್ಲ. ಅವರದ್ದು ಏನೂ ತಪ್ಪಿಲ್ಲ, ಮನೇಲಿ ಇಂಥದ್ದು ಇದೆ ಅಂತ ನಾನು ಅವರಿಗೆ ಹೇಳೇ ಇರಲಿಲ್ಲ, ಸುಮ್ನೆ ಭಯ ಬೀಳ್ತಾರೆ ಅಂತ.

ಅವತ್ತು ಅಮ್ಮ ರಾತ್ರಿ ಊಟ ಮಾಡ್ಲಿಲ್ಲ. ಹತ್ತು ಗಂಟೆ ಹೊತ್ತಿಗೆ ಬಂದು ಪಕ್ಕ ಕೂತು ಒಂದೇ ಮಾತು ಕೇಳಿದ್ರು, "ನಿಮ್ಮಪ್ಪ ಕೋವೀನ ತೋಟೆ ಸಮೇತ ಇಟ್ಟಿದ್ದು ಯಾವತ್ತಾದ್ರೂ ನೋಡಿದ್ಯೇನೋ ನೀನು?" ನೋಡಿರಲಿಲ್ಲ. ಕೋವಿ ಅಟ್ಟದ ತೊಲೆಗೆ ನೇತಾಡ್ತಿತ್ತು, ನಮ್ಮ ಕೈಗೆ ಎಟುಕದಷ್ಟು ಎತ್ತರ. ತೋಟೆ ಎಲ್ಲ ದೇವರ ಮನೆ ಪಕ್ಕದ ಕಬ್ಬಿಣದ ಟ್ರಂಕಿನಲ್ಲಿ, ಅದರ ಕೀಲಿ ಅಮ್ಮನ ಸೊಂಟದಲ್ಲಿ. ಕಾಡಿಂದ ವಾಪಸ್ ಬಂದ್ರೆ ಅಪ್ಪ ಅಂಗಳದಲ್ಲೇ ನಿಂತು ಕೋವಿ ಮಡಚಿ ತೋಟೆ ತೆಗೆದು, ನಳಿಗೇಲಿ ಆಕಾಶ ಕಾಣಿಸ್ತಾ ನೋಡಿ, ಆಮೇಲೇ ಹೊಸ್ತಿಲು ದಾಟ್ತಿದ್ರು. ಯಾವ ಕ್ಲಾಸಲ್ಲೂ ಯಾರೂ ಹೇಳಿಕೊಟ್ಟಿದ್ದಲ್ಲ ಅದು. ಅವರು ತೀರಿಕೊಂಡ ಮೇಲೆ ಕೋವೀನ ಸ್ಟೇಷನ್‌ಗೆ ಡೆಪಾಸಿಟ್ ಮಾಡಿದ್ವಿ, ಆ ಪದ್ಧತೀನೂ ಅದರ ಜೊತೆಗೇ ಬಿಟ್ಟು ಬಂದೆ ಅನ್ಸುತ್ತೆ ನಾನು.

ಆ ಭಾನುವಾರವೇ ಹೋಗಿ ಒಂದು ಸಣ್ಣ ಉಕ್ಕಿನ ಪೆಟ್ಟಿಗೆ ತಂದೆ, ಗುಂಡಿ ಒತ್ತಿ ನಂಬರ್ ಹಾಕಿದ್ರೆ ತೆರೆಯೋದು, ಕತ್ತಲಲ್ಲೂ ಕೆಲವೇ ಸೆಕೆಂಡಲ್ಲಿ ತೆಗೀಬಹುದು, ಬೀರು ಒಳಗೆ ಬೋಲ್ಟ್ ಹಾಕಿ ಕೂರಿಸಿದ್ದೀನಿ. ನಂಬರ್ ನನಗೆ, ಹೆಂಡ್ತಿಗೆ ಮಾತ್ರ ಗೊತ್ತು. ಟೆಕ್ಸಾಸ್ ಕಾನೂನಲ್ಲಿ 17 ವರ್ಷದ ಒಳಗಿನ ಮಗುವಿನ ಕೈಗೆ ಗುಂಡು ತುಂಬಿದ ಗನ್ ಸಿಗೋ ಹಾಗೆ ಅಜಾಗರೂಕತೆಯಿಂದ ಬಿಟ್ರೆ ಅದು ಅಪರಾಧ ಅಂತ ಇದೆ, ಅದೂ ನನಗೆ ಆಮೇಲೆ ಗೊತ್ತಾಗಿದ್ದು. ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಸೊಂಟಕ್ಕೆ ಪಿಸ್ತೂಲ್ ಸಿಕ್ಕಿಸಿಕೊಂಡು ಓಡಾಡೋಕೂ ಹೆಚ್ಚಿನವರಿಗೆ ಪರ್ಮಿಟ್ ಬೇಕಿಲ್ಲ, ಹಾಗಾಗಿ ತರಬೇತಿ ಯಾರೂ ಕಡ್ಡಾಯ ಮಾಡಲ್ಲ. ನಾವಿಬ್ರೂ ದುಡ್ಡು ಕೊಟ್ಟು ಹೋಗಿ ಕಲಿತ್ವಿ. ಈ ಪಿಸ್ತೂಲ್ ಬಿಚ್ಚಿ ಒರೆಸಬೇಕಾದ್ರೆ ಮೊದಲು ಟ್ರಿಗರ್ ಒತ್ತಲೇಬೇಕು, ಒಳಗೆ ಗುಂಡು ಇಲ್ಲ ಅಂತ ಅಂದ್ಕೊಂಡು ಒತ್ತಿ ಗೋಡೆಗೆ ಹಾರಿಸಿದವರ ಕಥೆ ಆ ಕ್ಲಾಸಲ್ಲೇ ಕೇಳಿದೆ. ಅಂಗಡಿಯ ಆ ಹಿರಿಯ ಕಿರುಬೆರಳು ಹಾಕಿ ನೋಡಿದ್ದು ಯಾಕೆ ಅಂತ ಅವತ್ತು ಅರ್ಥ ಆಯ್ತು.

ನಾನು ಹೆದರಿಸೋಕೆ ಬರೀತಿಲ್ಲ, ಆದ್ರೆ ಈ ಲೆಕ್ಕ ಊರಲ್ಲಿರೋರಿಗೆ ಗೊತ್ತಿರಬೇಕು. ಇಲ್ಲಿ ಹತ್ತು ಜನ ದೊಡ್ಡವರಲ್ಲಿ ಸುಮಾರು ನಾಲ್ಕು ಜನ ಗನ್ ಇರೋ ಮನೇಲಿ ಬದುಕ್ತಿದ್ದಾರೆ. 2021ರಲ್ಲಿ ಗುಂಡಿನಿಂದ ಸತ್ತವರು 48,830 ಜನ, ಅದರಲ್ಲಿ 26,328 ಜನ ತಾವೇ ಪ್ರಾಣ ತಕ್ಕೊಂಡವರು. 2020ರಿಂದ ಈಚೆಗೆ 1ರಿಂದ 19 ವರ್ಷದ ಮಕ್ಕಳ ಸಾವಿಗೆ ಇಲ್ಲಿ ಮೊದಲನೇ ಕಾರಣ ಗುಂಡು, ರಸ್ತೆ ಅಪಘಾತವನ್ನೂ ಹಿಂದೆ ಹಾಕಿದೆ. ಕಳ್ಳನಿಗೆ ಅಂತ ತಂದ ವಸ್ತು ಮನೆಯವರ ಕೈಗೇ ಸಿಗೋದು ಹೆಚ್ಚು, ಬೇಸರದಲ್ಲಿರೋ ಹದಿನಾರರ ಹುಡುಗನ ಕೈಗೂ ಸಿಗಬಹುದು, ಕನ್ನಡಕ ಇಲ್ಲದೆ ಡ್ರಾಯರ್ ತಡಕೋ ಅಜ್ಜಿಯ ಕೈಗೂ ಸಿಗಬಹುದು.

ನಮ್ಮ ಜನ ಈಗ ಇಲ್ಲಿ ಮೊದಲಿಗಿಂತ ಹೆಚ್ಚು ಗನ್ ತಗೊಳ್ತಿರೋದು ನನ್ನ ಪರಿಚಯದವರಲ್ಲೇ ಕಾಣ್ತಿದೆ, ಆದ್ರೆ ಯುಗಾದಿಗೆ ಸೇರಿದಾಗ ಕಾರ್ ಬಗ್ಗೆ ಮಾತಾಡ್ತಾರೆ, ಮನೆ ಲೋನ್ ಬಗ್ಗೆ ಮಾತಾಡ್ತಾರೆ, ಇದರ ಬಗ್ಗೆ ಯಾರೂ ಬಾಯಿ ಬಿಡಲ್ಲ, ಊರಿನ ಅಪ್ಪ ಅಮ್ಮನಿಗಂತೂ ಹೇಳೋದೇ ಇಲ್ಲ. ಅದಕ್ಕೇ ಊರಲ್ಲಿರೋ ಹಿರಿಯರು ನೀವೇ ಕೇಳಬೇಕು. ಬಾಣಂತನಕ್ಕೆ ಅಂತ ಹೊರಟಿದ್ದೀರಿ, ಚಟ್ನಿಪುಡಿ ಎಷ್ಟು ತರಲಿ, ಮೆಂತ್ಯ ಹಿಟ್ಟು ಬೇಕಾ ಅಂತ ಫೋನಲ್ಲಿ ಕೇಳ್ತೀರಲ್ಲ, ಅದರ ಜೊತೆಗೇ ಇದೊಂದನ್ನ ಕೇಳಿಬಿಡಿ: ಮನೇಲಿ ಪಿಸ್ತೂಲ್ ಗಿಸ್ತೂಲ್ ಇದ್ಯೇನೋ, ಇದ್ರೆ ಬೀಗದಲ್ಲಿ ಇದ್ಯಾ, ಗುಂಡು ಬೇರೆ ಇಟ್ಟಿದ್ಯಾ, ಮಗು ಆಟಕ್ಕೆ ಹೋಗೋ ಪಕ್ಕದ ಮನೇಲಿ ಇದ್ಯಾ. ಮಗ ಅಳಿಯ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಸಂಪಾದಕರೇ, ಒಂದು ಬಿನ್ನಹ. ಬೇಸಿಗೆ ರಜೆಗೆ ವಿಮಾನ ಹತ್ತೋರು ಜಾಸ್ತಿ ಇರೋ ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಪತ್ರಿಕೇಲಿ ವೀಸಾ, ಇನ್ಶೂರೆನ್ಸ್, ಏನು ಸಾಮಾನು ಒಯ್ಯಬಾರದು ಅಂತೆಲ್ಲ ಮಾಹಿತಿ ಹಾಕ್ತೀರಿ, ನಮ್ಮಮ್ಮ ಅದನ್ನ ಕತ್ತರಿಸಿ ಪಾಸ್‌ಪೋರ್ಟ್ ಜೊತೆ ಇಟ್ಕೊಂಡು ಬಂದಿದ್ರು. ಅದರಲ್ಲೇ ಈ ವಿಷಯಕ್ಕೆ ನಾಲ್ಕು ಸಾಲು ಜಾಗ ಕೊಡಿ. ಜೊತೆಗೊಂದು ಪಿಸ್ತೂಲಿನ ಫೋಟೋನೂ ಹಾಕಿ, ಇದು ಆಟದ ಸಾಮಾನಲ್ಲ, ಕಂಡ್ರೆ ಮುಟ್ಟದೆ ಮನೆಯವರನ್ನ ಕರೀರಿ ಅಂತ ಬರೆದು.

ಇಂತಿ ತಮ್ಮ ಓದುಗ,
ಸಕಲೇಶಪುರದವನು, ಸದ್ಯ ಟೆಕ್ಸಾಸ್