ನೀರಿನ ಮಟ್ಟದ ಪಕ್ಕ ಕಲ್ಲಿದ್ದಲ ಲೆಕ್ಕವೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲಿ ಆಲಮಟ್ಟಿ, ನಾರಾಯಣಪುರ, ಲಿಂಗನಮಕ್ಕಿ ನೀರಿನ ಮಟ್ಟ ದಿನಾ ಬರುತ್ತದೆ. ಆಳಂದದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ನಾನು ಮೊದಲು ನೋಡೋದೇ ಅದನ್ನು. ಅದರ ಕೆಳಗೆ ಇನ್ನೊಂದು ಸಾಲು ಹಾಕಿ: ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ರಾಯಚೂರು, ಬಳ್ಳಾರಿ, ಯರಮರಸ್ ಸ್ಥಾವರಗಳಲ್ಲಿ ಇವತ್ತು ಎಷ್ಟು ದಿನಕ್ಕಾಗುವಷ್ಟು ಕಲ್ಲಿದ್ದಲು ಇದೆ ಅಂತ. ಇದೇನು ಗುಟ್ಟಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನಾ ಪ್ರಕಟಿಸುತ್ತದೆ, ಆದರೆ ಇಂಗ್ಲಿಷ್‌ನಲ್ಲಿ.

2023ರ ಅಕ್ಟೋಬರ್ ನೆನಪಿದೆ ಅಲ್ವಾ? ಮಳೆ ಕೈಕೊಟ್ಟಿತ್ತು, ಜಲಾಶಯಗಳು ತುಂಬಲಿಲ್ಲ, ಮಳೆ ಇಲ್ಲದ್ದಕ್ಕೇ ಪಂಪ್‌ಸೆಟ್‌ಗಳೂ ಜಾಸ್ತಿ ಓಡಿದವು. ರೈತರಿಗೆ 7 ತಾಸು ಇದ್ದ ತ್ರೀ ಫೇಸ್ 5 ತಾಸಿಗೆ ಇಳಿಯಿತು. ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ನಾನು ಎರಡಕ್ಕೇ ಎದ್ದು ಗಿರಣಿ ಶುರು ಮಾಡಿದ್ದೇನೆ, ಯಾಕಂದ್ರೆ ಸಂಜೆಯಿಂದಲೇ ಜೋಳದ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು. ನಾಲ್ಕು ದಿನ ಮೊದಲೇ ಬೀಸಿಟ್ಟುಕೊಳ್ಳಿ ಅನ್ನಬಹುದು, ನಿಜ. ಆದರೆ ಜೋಳದ ಹಿಟ್ಟು ಹಳೆಯದಾದರೆ ಜಿಗುಟು ಹೋಗಿ ರೊಟ್ಟಿ ಹರಿಯುತ್ತದೆ. ಕರೆಂಟ್ ಕೂಡ ಹಾಗೇ, ಕೂಡಿಡೋದು ಕಷ್ಟ. ಕೂಡಿಡಬೇಕಾದ್ದು ಕಲ್ಲಿದ್ದಲನ್ನು.

ಗಣಿಯಿಂದ ದೂರ ಇರುವ ಸ್ಥಾವರಗಳು 20ರಿಂದ 26 ದಿನದ ದಾಸ್ತಾನು ಇಡಬೇಕು ಅನ್ನುವ ನಿಯಮ ಇದೆ. 2021ರ ಅಕ್ಟೋಬರ್‌ನಲ್ಲಿ ದೇಶದ ಸರಾಸರಿಯೇ ನಾಲ್ಕು ದಿನದ ಆಸುಪಾಸಿಗೆ ಬಂದಿತ್ತು. ಅಂಥ ಹೊತ್ತಲ್ಲಿ ನಮಗೆ ತಿಳಿಯೋದು ಬಲ್ಬ್ ಆರಿದ ಮೇಲೆ.

ಜನರೇಟರ್ ಇಟ್ಟುಕೋ ಅಂತ ನಮ್ಮ ಭಾವ ಹೇಳುತ್ತಲೇ ಇರುತ್ತಾರೆ. ಡೀಸೆಲ್ ಎಲ್ಲಿಂದ ಬರಬೇಕು? ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿಂದಲೇ ಬರುತ್ತದೆ. ಕೊಲ್ಲಿ ದೇಶಗಳ ತೈಲ ಹಡಗುಗಳು ಹಾದು ಬರುವ ಹೋರ್ಮುಜ್ ಜಲಸಂಧಿಯಲ್ಲಿ ಗದ್ದಲ ಆದರೆ ಅಡುಗೆ ಗ್ಯಾಸಿಗೂ ಬಿಸಿ ತಟ್ಟುತ್ತದೆ. ಮಂಗಳೂರು, ಪಾದೂರು, ವಿಶಾಖಪಟ್ಟಣದಲ್ಲಿ ಬಂಡೆ ಕೊರೆದು ಸರ್ಕಾರ 53.3 ಲಕ್ಷ ಟನ್ ತೈಲ ಹಿಡಿಯುವ ಗುಹೆಗಳನ್ನು ಮಾಡಿದೆ. ನಮ್ಮ ಹಿರಿಯರು ನೆಲದೊಳಗೆ ಕಾಳು ಕೂಡಿಡುತ್ತಿದ್ದ ಹಗೇವು ಇದ್ದ ಹಾಗೆಯೇ. ಆದರೆ ಪೂರ್ತಿ ತುಂಬಿದರೂ ದೇಶಕ್ಕೆ ಬರೋದು ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ದಾಸ್ತಾನು ಬೇರೆ ಇರುತ್ತದೆ, ಒಪ್ಪುತ್ತೇನೆ. ಆದರೂ ನಮ್ಮಜ್ಜ ಹಗೇವು ತುಂಬುತ್ತಿದ್ದದ್ದು ಮುಂದಿನ ಬರಗಾಲದ ಲೆಕ್ಕ ಹಾಕಿ, ಮುಂದಿನ ವಾರದ್ದಲ್ಲ.

ಇದೆಲ್ಲ ದಿಲ್ಲಿಯವರು ನೋಡಿಕೊಳ್ಳಲಿ. ನಮಗೆ ಆ ಒಂದು ಸಾಲು ಹಾಕಿ ಸಾಕು. ಜಾಗ ಇಲ್ಲ ಅಂದರೆ ರಾಶಿ ಭವಿಷ್ಯದಲ್ಲಿ ಒಂದೆರಡು ಸಾಲು ಕಡಿಮೆ ಮಾಡಿ.

– ಗಿರಣಿಯವನು, ಆಳಂದ, ಕಲಬುರಗಿ ಜಿಲ್ಲೆ