ಹಗಲುಗನಸು ಕಾಣ್ತೀರಾ ಅಂತಲ್ಲ, ಏನು ಕಾಣ್ತೀರಾ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ಮೂರು ವಾರದ ಹಿಂದೆ ನಿಮ್ಮ ಪುರವಣಿಯಲ್ಲಿ ವ್ಯಕ್ತಿತ್ವ ಅಳೆಯುವ ಒಂದು ಪುಟದ ಪರೀಕ್ಷೆ ಬಂದಿತ್ತು. ಹನ್ನೆರಡು ಪ್ರಶ್ನೆ, ಹೌದು ಅಥವಾ ಇಲ್ಲ ಅಂತ ಗುರುತು ಹಾಕಬೇಕು, ಕೊನೆಗೆ ಅಂಕ ಕೂಡಿಸಿದರೆ ನೀವು ಅಂತರ್ಮುಖಿಯೋ ಬಹಿರ್ಮುಖಿಯೋ ಗೊತ್ತಾಗುತ್ತದೆ. ಇರಲಿ, ಇಂಥವು ಬರುತ್ತಲೇ ಇರುತ್ತವೆ, ನಾವೂ ಪೆನ್ನು ಹಿಡಿದು ಸುಮ್ನೆ ಕೂತು ತುಂಬಿಸುತ್ತೇವೆ. ಆದರೆ ಏಳನೇ ಪ್ರಶ್ನೆ ಮಾತ್ರ ಅವತ್ತಿನಿಂದ ನನ್ನ ತಲೆಯಿಂದ ಇಳಿದಿಲ್ಲ. 'ನೀವು ಆಗಾಗ ಹಗಲುಗನಸು ಕಾಣುತ್ತೀರಾ?' ಹೌದು ಅಂದರೆ ಅಂತರ್ಮುಖಿಯ ಖಾತೆಗೆ ಎರಡು ಅಂಕ. ಕೆಳಗೆ ವಿವರಣೆ ಬೇರೆ: ಅಂತರ್ಮುಖಿಗಳು ಕನಸುಗಾರರು, ಬಹಿರ್ಮುಖಿಗಳು ಕೆಲಸಗಾರರು.

ಇದು ತಪ್ಪು. ಅಷ್ಟೇ ಹೇಳಿ ಮುಗಿಸಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಆ ಪ್ರಶ್ನೆಯಿಂದ ಒಂದು ಸಣ್ಣ ರಾದ್ಧಾಂತವೇ ಆಯಿತು, ಅದಕ್ಕೇ ಈ ಉದ್ದದ ಪತ್ರ.

ಮೊದಲು ನನ್ನ ಅಕ್ಕನ ವಿಷಯ. ಅವಳು ಬಾಯಿ ಮುಚ್ಚಿ ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಗುರುತಿಲ್ಲದವರ ಪಕ್ಕ ಹತ್ತು ನಿಮಿಷ ಕೂತರೆ ಅವರ ಮಕ್ಕಳ ಹೆಸರು, ಮಂಡಿನೋವು, ಸಾಲ ಎಲ್ಲ ಇವಳಿಗೆ ಗೊತ್ತಾಗಿರುತ್ತದೆ. ಪರೀಕ್ಷೆಯಲ್ಲಿ ಅಪ್ಪಟ ಬಹಿರ್ಮುಖಿ ಅಂತ ಬಂತು. ಏಳನೇ ಪ್ರಶ್ನೆಗೆ ಧೈರ್ಯವಾಗಿ 'ಇಲ್ಲ' ಅಂತ ಹಾಕಿದ್ದಳು. ಅದೇ ದಿನ ಸಂಜೆ ಬಚ್ಚಲಿಗೆ ಹೋಗಿ ನೋಡಿದರೆ ಬಕೆಟ್ ತುಂಬಿ ನೀರು ಹೊಸಿಲು ದಾಟುತ್ತಿದೆ, ಇವಳು ನಲ್ಲಿ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಾ ನಿಂತಿದ್ದಾಳೆ. ಕಾಲು ಹಿಮ್ಮಡಿಯವರೆಗೂ ಒದ್ದೆ. ಎಲ್ಲಿದ್ದೀಯೇ ಅಂದರೆ ಬೆಚ್ಚಿಬಿದ್ದಳು. ಆಮೇಲೆ ಒಪ್ಪಿಕೊಂಡಳು. ಅವಳ ತಲೆಯಲ್ಲಿ ಒಂದು ಮನೆ ಇದೆಯಂತೆ, ಇನ್ನೂ ಕಟ್ಟಿಲ್ಲ, ಕಟ್ಟುವ ಯೋಚನೆಯೂ ಇಲ್ಲ. ಅದರ ಹಜಾರದಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿರುತ್ತಾರೆ, ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ, ಇವಳು ಹೇಗೆ ರಾಜಿ ಮಾಡಿಸುತ್ತಾಳೆ, ಇದೆಲ್ಲ ಹದಿನೈದು ವರ್ಷದಿಂದ ನಡೀತಾ ಇದೆಯಂತೆ. ಹದಿನೈದು ವರ್ಷ! 'ಮತ್ತೆ ಇಲ್ಲ ಅಂತ ಯಾಕೆ ಹಾಕಿದೆ?' ಅಂದೆ. 'ಅದು ಹಗಲುಗನಸಾ? ನಾನು ಸುಮ್ನೆ ಯೋಚನೆ ಮಾಡ್ತಾ ಇದ್ದೆ' ಅಂದಳು.

ನೋಡಿ, ತೊಡಕು ಇಲ್ಲೇ ಇದೆ. ಹಗಲುಗನಸು ಅಂದರೆ ನಮಗೆ ಬಯ್ಗುಳದ ಹಾಗೆ ಕೇಳಿಸುತ್ತದೆ. ಗಾಳಿಗೋಪುರ, ಮನಸ್ಸಿನಲ್ಲಿ ಮಂಡಿಗೆ ತಿನ್ನೋದು, ಕೂಸು ಹುಟ್ಟೋ ಮುಂಚೆ ಕುಲಾವಿ, ಎಲ್ಲವೂ ಅಣಕವೇ. ಹಾಗಾಗಿ ನೇರವಾಗಿ ಕೇಳಿದರೆ ಜನ ಇಲ್ಲ ಅಂತಾರೆ. ಆದರೆ ನಡುನಡುವೆ ತಡೆದು ಕೇಳಿದರೆ ಕಥೆ ಬೇರೆ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಮಾಡಿದ್ದು ಇದನ್ನೇ. 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿದರು: ಈಗ ಏನು ಮಾಡ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯಾ ಅಥವಾ ಬೇರೆ ಕಡೆ ಹೋಗಿದೆಯಾ, ಹೇಗನಿಸ್ತಿದೆ. 2010ರಲ್ಲಿ ಬಂದ ಆ ವರದಿಯ ಪ್ರಕಾರ ಉತ್ತರಗಳಲ್ಲಿ ಶೇ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹೆಚ್ಚುಕಡಿಮೆ ಅರ್ಧ. ಇದರಲ್ಲಿ ನಾಳೆಯ ಲೆಕ್ಕಾಚಾರವೂ ಸೇರಿದೆ, ನಿಜ, ಎಲ್ಲವೂ ಕಥೆ ಕಟ್ಟುವ ಕನಸಲ್ಲ. ಆದರೂ ಎಲ್ಲರ ಮನಸ್ಸೂ ಇಷ್ಟು ಅಲೆಯುತ್ತಿರುವಾಗ 'ಅಲೆಯುತ್ತಾ' ಅಂತ ಹೌದು-ಇಲ್ಲದಲ್ಲಿ ಕೇಳಿ ಜನರನ್ನು ಎರಡು ಸಾಲಾಗಿ ನಿಲ್ಲಿಸೋದು, ಉಸಿರಾಡ್ತೀರಾ ಅಂತ ಕೇಳಿ ವಿಂಗಡಿಸಿದ ಹಾಗೆ.

ಹಾಗಾದರೆ ಹಗಲುಗನಸಿಗೂ ಸ್ವಭಾವಕ್ಕೂ ನಂಟೇ ಇಲ್ಲವಾ? ಇದೆ. ಚೆನ್ನಾಗೇ ಇದೆ. ಆದರೆ ಅದು ನಿಮ್ಮ ಪರೀಕ್ಷೆ ಹುಡುಕಿದ ಜಾಗದಲ್ಲಿಲ್ಲ.

ಈ ವಿಷಯದಲ್ಲಿ ಜೀವನವಿಡೀ ಕೂತವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಸಿಂಗರ್. ಹಗಲುಗನಸು ಅಂದರೆ ರೋಗದ ಲಕ್ಷಣ ಅಂತ ನೋಡುತ್ತಿದ್ದ ಕಾಲದಲ್ಲಿ ಅವರು ಮಾಮೂಲಿ ಜನರನ್ನು ಹಿಡಿದು ನಿಮ್ಮ ತಲೆಯಲ್ಲಿ ಏನು ಓಡುತ್ತೆ, ಯಾವಾಗ, ಆಗ ಹೇಗನಿಸುತ್ತೆ ಅಂತ ವರ್ಷಗಟ್ಟಲೆ ಕೇಳಿದರು. 1966ರಲ್ಲಿ ಪುಸ್ತಕವನ್ನೂ ತಂದರು. ಅವರಿಗೆ ಕಂಡಿದ್ದು ಮೂರು ಬಗೆ. ಒಂದು, ಖುಷಿಯ ಕನಸು: ಬಣ್ಣಬಣ್ಣದ್ದು, ಆಟದಂಥದ್ದು, ಮುಂದಿನದನ್ನು ಕಟ್ಟುವಂಥದ್ದು. ನಮ್ಮಕ್ಕನ ಮನೆ ಈ ಬಗೆಗೆ ಸೇರಿದ್ದು. ಎರಡನೆಯದು ಅಳುಕಿನ ಕನಸು. ಇದರಲ್ಲಿ ಸೋಲು ಇರುತ್ತದೆ, ಅವಮಾನ, ತಪ್ಪು ಮಾಡಿದ ಭಾವ, ಯಾರಿಗೋ ಬುದ್ಧಿ ಕಲಿಸುವ ಸಿಟ್ಟು. ಮೂರನೆಯದನ್ನು ಕನಸು ಅನ್ನೋದೂ ಕಷ್ಟ. ಯಾವುದರ ಮೇಲೂ ನಿಲ್ಲದ ಗಮನ ಅದು. ಹೊರಗಿನ ಕೆಲಸದ ಮೇಲೂ ಇಲ್ಲ, ಒಳಗಿನ ಕಥೆಯ ಮೇಲೂ ಇಲ್ಲ, ರೇಡಿಯೋದ ಗುಂಡಿ ಯಾರೋ ತಿರುಗಿಸ್ತಾನೇ ಇರೋ ಹಾಗೆ.

ಇವನ್ನು ಸ್ವಭಾವದ ಜೊತೆ ಇಟ್ಟು ನೋಡಿದಾಗ ಸಿಕ್ಕ ನಂಟು ಇದು. ಸಂಶೋಧಕರು ಈಗ ಹೆಚ್ಚಾಗಿ ಬಳಸೋದು ಐದು ಗುಣಗಳ ಅಳತೆಯನ್ನು: ಹೊಸತಿಗೆ ತೆರೆದುಕೊಳ್ಳುವ ಗುಣ, ಅಚ್ಚುಕಟ್ಟುತನ, ಜನರ ಜೊತೆ ಬೆರೆಯುವುದು, ಹೊಂದಿಕೊಳ್ಳುವುದು, ಮತ್ತು ಬೇಗ ಕಳವಳಗೊಳ್ಳುವುದು. ಖುಷಿಯ ಕನಸು ಮೊದಲನೆಯದರ ಜೊತೆ ಹೋಗುತ್ತದೆ. ಆಶ್ಚರ್ಯವೇನಿಲ್ಲ, ಆ ಗುಣವನ್ನು ಅಳೆಯುವ ಹೆಸರಾಂತ ಪ್ರಶ್ನಾವಳಿಯೊಂದರಲ್ಲಿ ಕಲ್ಪನೆ ಅನ್ನೋದೇ ಒಂದು ಭಾಗ. ಅಳುಕಿನ ಕನಸು ಕಳವಳದ ಸ್ವಭಾವದ ಜೊತೆ. ನಿಲ್ಲದ ಗಮನ, ಅಚ್ಚುಕಟ್ಟುತನ ಕಡಿಮೆ ಇರುವವರ ಜೊತೆ. 1997ರಲ್ಲಿ ಸಿಂಗರ್ ಅವರೂ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದಿದ್ದು ಹೀಗೇ. ನಿಮ್ಮ ಪರೀಕ್ಷೆ ಅಷ್ಟು ನೆಚ್ಚಿಕೊಂಡಿದ್ದ ಅಂತರ್ಮುಖಿ-ಬಹಿರ್ಮುಖಿ ಅನ್ನೋದು ಇಲ್ಲಿ ಮುಖ್ಯ ಪಾತ್ರವೇ ಅಲ್ಲ.

ಆ ಎರಡು ಪದಗಳನ್ನು ಮನೆಮಾತಾಗಿಸಿದ್ದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್, 1921ರ ತಮ್ಮ ಪುಸ್ತಕದಿಂದ. ಆಮೇಲೆ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಅದನ್ನು ಬೆಳೆಸಿ ನಾಲ್ಕು ಅಕ್ಷರದ ಹದಿನಾರು ಬಗೆ ಮಾಡಿದರು. ಇವತ್ತು ಆ ಹದಿನಾರರಲ್ಲಿ ಒಂದಾದ ಐಎನ್‌ಎಫ್‌ಪಿ ಅಂತ ಹೆಸರಿನ ಪಕ್ಕ ಹಾಕಿಕೊಳ್ಳುವವರೆಲ್ಲ ಅಲ್ಲಿಂದ ಬಂದವರು, 'ಕನಸುಗಾರರು' ಅನ್ನೋ ಪಟ್ಟ ಸಿಗೋದೂ ಹೆಚ್ಚಾಗಿ ಅವರಿಗೇ. ನನಗೆ ಆ ಆಟದ ಮೇಲೆ ದ್ವೇಷವೇನಿಲ್ಲ, ನಾನೂ ಆಡಿದ್ದೇನೆ, ಒಂದು ಸಲ ಒಂದು ಬಂತು ಇನ್ನೊಂದು ಸಲ ಇನ್ನೊಂದು. ಯಾಕೆ ಹಾಗೆ ಅಂದರೆ ಜನರ ಸ್ವಭಾವ ಎತ್ತರದ ಹಾಗೆ, ಜಾಸ್ತಿ ಜನ ನಡುವೆ ಇರುತ್ತಾರೆ. ನಡುಮಧ್ಯದಲ್ಲಿ ಗೆರೆ ಎಳೆದು ಈ ಕಡೆಯವರು ಕುಳ್ಳರು ಆ ಕಡೆಯವರು ಉದ್ದದವರು ಅಂದರೆ, ಗೆರೆ ಹತ್ತಿರ ಇರುವವರು ಚಪ್ಪಲಿ ಬದಲಾಯಿಸಿದರೂ ಪಕ್ಷ ಬದಲಾಗುತ್ತದೆ ಅಲ್ವಾ.

ಈಗ ನನ್ನ ಸರದಿ. ನಾನು ಮಾತು ಕಡಿಮೆ, ಪುಸ್ತಕದ ಹುಳು, ಪರೀಕ್ಷೆಯ ಪ್ರಕಾರ ಪಕ್ಕಾ ಕನಸುಗಾರ ಜಾತಿ. ಓದಿದವರು ನನ್ನ ತಲೆಯೊಳಗೆ ಕಾಡು, ನದಿ, ಕವಿತೆ ಇರಬೇಕು ಅಂದುಕೊಳ್ಳಬಹುದು. ಇರೋದು ಏನು ಗೊತ್ತಾ? ಒಂಬತ್ತು ವರ್ಷದ ಹಿಂದೆ ಒಂದು ಮೀಟಿಂಗಿನಲ್ಲಿ ಹಿರಿಯರೊಬ್ಬರು ಎಲ್ಲರ ಎದುರು 'ಇದನ್ನು ನೀವೇ ಬರೆದಿದ್ದಾ?' ಅಂತ ನಕ್ಕಿದ್ದರು. ನಾನು ಆಗ ಏನೂ ಹೇಳಲಿಲ್ಲ. ಆವತ್ತಿನಿಂದ ಹೇಳುತ್ತಲೇ ಇದ್ದೇನೆ. ಪಾತ್ರೆ ತೊಳೆಯುವಾಗ ಹೇಳುತ್ತೇನೆ, ಬಟ್ಟೆ ಮಡಚುವಾಗ ಹೇಳುತ್ತೇನೆ, ಒಂದೊಂದು ಸಲ ತುಟಿಯೂ ಅಲ್ಲಾಡುತ್ತದೆ. ಉತ್ತರ ಈಗ ಎಷ್ಟು ಹರಿತವಾಗಿದೆ ಅಂದರೆ ಆ ಮನುಷ್ಯ ಮೂರು ಸಲ ರಾಜೀನಾಮೆ ಕೊಟ್ಟಿದ್ದಾನೆ, ನನ್ನ ಸಿಂಕಿನ ಮುಂದೆ. ಇದೂ ಹಗಲುಗನಸೇ, ಆದರೆ ಅಕ್ಕನ ಹಜಾರಕ್ಕೂ ಇದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಅವಳು ಬಚ್ಚಲಿಂದ ಹೊರಗೆ ಬಂದಾಗ ನಗುತ್ತಾ ಇರುತ್ತಾಳೆ. ನಾನು ಪಾತ್ರೆ ಮುಗಿಸಿದಾಗ ಸುಸ್ತಾಗಿರುತ್ತೇನೆ.

ಮೇಲೆ ಹೇಳಿದ ಫೋನಿನ ಅಧ್ಯಯನದಲ್ಲೂ ಇದು ಸಿಗುತ್ತದೆ. ಕಹಿ ವಿಷಯಕ್ಕೆ ಮನಸ್ಸು ಹೋದಾಗ ಜನ ಕೈಯಲ್ಲಿದ್ದ ಕೆಲಸದ ಮೇಲೆ ಗಮನ ಇಟ್ಟಿದ್ದವರಿಗಿಂತ ತುಂಬಾ ಬೇಸರದಲ್ಲಿದ್ದರು. ಸಿಹಿ ವಿಷಯಕ್ಕೆ ಹೋದಾಗ? ಅಂಥಾ ಲಾಭವೇನೂ ಇರಲಿಲ್ಲ, ಕೆಲಸದಲ್ಲಿ ಮುಳುಗಿದ್ದವರಷ್ಟೇ ಖುಷಿ. ಹಾಗಂತ ಸಿಹಿ ಕನಸು ದಂಡ ಅಂತ ನಾನು ಒಪ್ಪೋದಿಲ್ಲ. ಆ ಗಳಿಗೆಯ ಖುಷಿಯೊಂದೇ ಅಳತೆಯಾ? ಬೆಂಜೀನಿನ ಉಂಗುರದ ರಚನೆ ತನಗೆ ಹೊಳೆದಿದ್ದು ಬೆಂಕಿಯ ಮುಂದೆ ತೂಕಡಿಸುವಾಗ, ತನ್ನ ಬಾಲವನ್ನೇ ಕಚ್ಚಿಕೊಂಡ ಹಾವು ಕಂಡು ಅಂತ ಜರ್ಮನಿಯ ರಸಾಯನಶಾಸ್ತ್ರಜ್ಞ ಕೆಕುಲೆ 1890ರಲ್ಲಿ ಹೇಳಿಕೊಂಡಿದ್ದಾರೆ. ಬೆಳಕಿನ ಕಿರಣದ ಬೆನ್ನು ಹತ್ತಿ ಓಡಿದರೆ ಏನು ಕಾಣಬಹುದು ಅಂತ ಹದಿನಾರರ ಐನ್‌ಸ್ಟೈನ್ ಯೋಚಿಸಿದ್ದೂ ಎಲ್ಲರಿಗೂ ಗೊತ್ತಿರೋದೇ. (ಕೆಕುಲೆ ಅದನ್ನು ಹೇಳಿದ್ದು ಕಂಡು ಎಷ್ಟೋ ವರ್ಷ ಆದ ಮೇಲೆ, ಅದೂ ಸನ್ಮಾನದ ಸಭೆಯಲ್ಲಿ. ಸ್ವಲ್ಪ ಉಪ್ಪು ಖಾರ ಸೇರಿರಬಹುದು ಅಂತ ನನ್ನ ಗುಮಾನಿ.)

ಸಿಹಿ ಕನಸಿನಲ್ಲೂ ಒಂದು ಮೋಸ ಇದೆ, ಅದನ್ನು ಮುಚ್ಚಿಡಬಾರದು. ಗೇಬ್ರಿಯೆಲೆ ಎಟ್ಟಿಂಗೆನ್ ಎಂಬ ಮನಶ್ಶಾಸ್ತ್ರಜ್ಞೆ 1991ರಲ್ಲಿ ತೂಕ ಇಳಿಸಲು ಹೊರಟ 25 ಹೆಂಗಸರನ್ನು ಗಮನಿಸಿದರು. ಇಳಿಸಬಲ್ಲೆ ಅಂತ ನಂಬಿದ್ದವರು ಹೆಚ್ಚು ಇಳಿಸಿದರು. ಆದರೆ ಇಳಿಸಿ ಆಗಿಹೋದ ಹಾಗೆ, ಎಲ್ಲರೂ ಹೊಗಳುತ್ತಿರುವ ಹಾಗೆ ಕನಸು ಕಂಡವರು ಇಳಿಸಿದ್ದು ಕಡಿಮೆ. ಗೆದ್ದ ಖುಷಿ ಮೊದಲೇ ಸಿಕ್ಕಿಬಿಟ್ಟರೆ ಓಡೋದು ಯಾಕೆ? ನಿಜ ಹೇಳಬೇಕೆಂದರೆ ಈ ಪತ್ರವೂ ಮೊದಲ ವಾರದಲ್ಲೇ ನನ್ನ ತಲೆಯಲ್ಲಿ ಅಚ್ಚಾಗಿ, ನೀವು ಕ್ಷಮೆ ಕೇಳಿ, ನಾಲ್ಕು ಜನ ಫೋನ್ ಮಾಡಿ ಹೊಗಳಿಯೂ ಆಗಿತ್ತು. ಬರೆಯಲು ಮೂರು ವಾರ ಹಿಡಿದಿದ್ದು ಅದಕ್ಕೇ.

ಇನ್ನೊಂದು ಕೊನೆಯೂ ಇದೆ. ದಿನಕ್ಕೆ ಗಂಟೆಗಟ್ಟಲೆ, ಊಟ ನಿದ್ದೆ ಸ್ನೇಹ ಬಿಟ್ಟು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದ ಕನಸು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಎಲಿ ಸೋಮರ್ 2002ರಲ್ಲಿ ಆರು ಜನರ ಅನುಭವ ಬರೆದು ಇದಕ್ಕೊಂದು ಹೆಸರು ಕೊಟ್ಟರು. ಅಂಥವರಿಗೆ ಬೇಕಾಗಿರೋದು ನೆರವು. ಅಂಥವರೂ ನಿಮ್ಮ ಪರೀಕ್ಷೆ ತುಂಬಿಸಿರುತ್ತಾರೆ, ಎರಡು ಅಂಕ ತಗೊಂಡು 'ಓ, ನನ್ನ ಸ್ವಭಾವವೇ ಹೀಗೆ' ಅಂತ ಪುಟ ಮಡಚಿಟ್ಟಿರುತ್ತಾರೆ. ಇದು ನನಗೆ ನಿಜಕ್ಕೂ ಹೆದರಿಕೆ ತರುತ್ತದೆ.

ಈಗ ರಾದ್ಧಾಂತದ ವಿಷಯ. ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅವನ ಪ್ರಗತಿ ಪತ್ರದಲ್ಲಿ ಎರಡು ಸಲ 'ತರಗತಿಯಲ್ಲಿ ಹಗಲುಗನಸು ಜಾಸ್ತಿ' ಅಂತ ಬರೆದು ಬಂದಿತ್ತು, ಮನೆಯಲ್ಲಿ ಬೈಗುಳವೂ ಆಗಿತ್ತು. ನಿಮ್ಮ ಪರೀಕ್ಷೆ ಬಂದ ದಿನ ಅವನೂ ತುಂಬಿಸಿದ, ಅಂಕ ಕೂಡಿಸಿದ, ಆ ಪುಟವನ್ನು ಕತ್ತರಿಸಿ ಪ್ರಗತಿ ಪತ್ರದ ಒಳಗೆ ಇಟ್ಟ. ತಪ್ಪು ನನ್ನದಲ್ಲ, ನಾನು ಕನಸುಗಾರ ಬಗೆ, ಪೇಪರಿನಲ್ಲೇ ಬಂದಿದೆ ಅಂತ ಅವನ ವಾದ. ಅಕ್ಕ ನಕ್ಕಳು. ಅವನ ಅಪ್ಪನಿಗೆ ಸಿಟ್ಟು ಬಂತು. ಒಬ್ಬರು ನಮ್ಮ ಹುಡುಗ ಕಲಾವಿದ ಆಗ್ತಾನೆ ಅಂದರು, ಇನ್ನೊಬ್ಬರು ಸೋಮಾರಿ ಆಗ್ತಾನೆ ಅಂದರು, ಊಟದ ಹೊತ್ತಿಗೆ ಮಾತು ಎಲ್ಲಿಗೋ ಹೋಗಿ ಬಾಗಿಲು ಬಡಿಯುವವರೆಗೆ ಬಂತು.

ಕಂಡಿದ್ದು ಏನು ಅಂತ ಮಾತ್ರ ಯಾರೂ ಕೇಳಲಿಲ್ಲ. ಶಾಲೆಯವರೂ ಕೇಳಿರಲಿಲ್ಲ, ನಾವೂ ಇಲ್ಲ, ಪರೀಕ್ಷೆಯಂತೂ ಕೇಳೋದೇ ಇಲ್ಲ.

ಎರಡು ದಿನ ಬಿಟ್ಟು ನಾನು ಕೇಳಿದೆ. ಮೊದಲು ಏನೂ ಇಲ್ಲ ಅಂದ. ಆಮೇಲೆ ಹೇಳಿದ. ತರಗತಿಯಲ್ಲಿ ಒಬ್ಬೊಬ್ಬರಾಗಿ ಎದ್ದು ಒಂದೊಂದು ಪ್ಯಾರಾ ಜೋರಾಗಿ ಓದಬೇಕು. ಇವನಿಗೆ 'ಕ' ಅಕ್ಷರದಲ್ಲಿ ನಾಲಿಗೆ ತೊಡರುತ್ತದೆ, ಅದು ನಮಗೆ ಗೊತ್ತೇ ಇರಲಿಲ್ಲ, ಮನೆಯಲ್ಲಿ ಅಂಥ ಪದ ಬಂದರೆ ಬೇರೆ ಪದ ಹಾಕಿ ದಾಟಿಕೊಳ್ಳುತ್ತಾನಂತೆ. ಹಾಗಾಗಿ ಪಾಠ ಶುರುವಾದ ಕೂಡಲೇ ಮುಂದಿನ ಬೆಂಚಿನಿಂದ ತಲೆ ಎಣಿಸಿ, ತನ್ನ ಪಾಲಿಗೆ ಯಾವ ಪ್ಯಾರಾ ಬರುತ್ತೆ ಅಂತ ಹುಡುಕಿ, ಅದರಲ್ಲಿ 'ಕ' ಎಷ್ಟಿದೆ ನೋಡಿ, ಎದ್ದು ನಿಂತ ಹಾಗೆ, ತೊಡರಿದ ಹಾಗೆ, ಎಲ್ಲರೂ ತಿರುಗಿ ನೋಡಿದ ಹಾಗೆ ತಲೆಯಲ್ಲಿ ಓಡಿಸ್ತಾ ಇರ್ತಾನೆ. ಟೀಚರ್ ಕರೆದಿದ್ದು ಕೇಳಿಸೋದೇ ಇಲ್ಲ ಅಂದ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬರು