ಬಾಡಿಗೆ ಏರುತ್ತಿದೆ, ನಡೆಯುವ ದಾರಿ ಎಲ್ಲಿದೆ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯನ್ನು ‘ಕಾಲ್ನಡಿಗೆಯಲ್ಲೇ ಎಲ್ಲವೂ ಸಿಗುವ ಪ್ರದೇಶ’ ಎಂದು ಕೊಂಡಾಡಿ ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಪ್ರಕಟಿಸಿದ ವರದಿಯನ್ನು ನಾನು ಓದುವ ಮೊದಲೇ ನನ್ನ ಮನೆ ಮಾಲೀಕರು ಓದಿದ್ದರು. ಬೆಳಿಗ್ಗೆ ಎಂಟಕ್ಕೆ ಅದರ ಫೋಟೊ ನನ್ನ ವಾಟ್ಸ್ಆ್ಯಪ್‌ಗೆ ಬಂತು. ಕರಾರು ನವೀಕರಿಸುವಾಗ ‘ಪ್ರದೇಶದ ಈಗಿನ ಮೌಲ್ಯಕ್ಕೆ ತಕ್ಕಂತೆ’ ಬಾಡಿಗೆಯನ್ನು ಪರಿಷ್ಕರಿಸಬೇಕಾಗುತ್ತದೆ ಎಂಬ ಒಂದು ಸಾಲು ಅದರ ಕೆಳಗಿತ್ತು. ಜೊತೆಗೆ ಕೈಮುಗಿಯುವ ಚಿತ್ರ. ಆ ಹೊತ್ತಿಗೆ ನಾನು ತರಚಿದ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ನಿಮ್ಮ ಪುಟದಲ್ಲಿ ನೆರಳು ಹಾಸಿ ನಿಂತಿರುವ ಅದೇ ಸಾಲುಮರದ ರಸ್ತೆಯಲ್ಲಿ, ಹಿಂದಿನ ಸಂಜೆ, ಪಾದಚಾರಿ ಮಾರ್ಗದ ಚಪ್ಪಡಿಯೊಂದು ಕಾಲಿಟ್ಟೊಡನೆ ಮಗುಚಿ ನಾನು ಎರಡು ಚೀಲಗಳ ಸಮೇತ ಬಿದ್ದಿದ್ದೆ. ಚಿತ್ರವನ್ನು ಬಲು ಎತ್ತರದಿಂದ ತೆಗೆದಿರುವುದರಿಂದ ಚಪ್ಪಡಿ ಅದರಲ್ಲಿ ಕಾಣುವುದಿಲ್ಲ.

ನಾನು ಈ ಫ್ಲ್ಯಾಟಿಗೆ ಬಂದದ್ದು ಲೆಕ್ಕ ಹಾಕಿಯೇ. ಕಾರು ಮಾರಿದರೆ ಇಂಧನ, ವಿಮೆ, ರಿಪೇರಿಯಲ್ಲಿ ಉಳಿಯುವ ಹಣವನ್ನು ಹೆಚ್ಚಿನ ಬಾಡಿಗೆಗೆ ತುಂಬಿದರಾಯಿತು, ದಿನಕ್ಕೆರಡು ಗಂಟೆ ಆಯುಷ್ಯವೂ ಉಳಿಯುತ್ತದೆ ಎಂದುಕೊಂಡಿದ್ದೆ. ಹಾಗಾಗಿ ಹಿಂದಿನ ಮನೆಗಿಂತ ಒಂದು ಕೋಣೆ ಕಡಿಮೆಯಿರುವ ಮನೆಗೆ ಹೆಚ್ಚು ಬಾಡಿಗೆ ಕೊಡಲು ಒಪ್ಪಿದೆ. ಕಾರೇ ಇಲ್ಲದ ನನ್ನ ಬಾಡಿಗೆಯಲ್ಲಿ ವಾಹನ ನಿಲುಗಡೆ ಜಾಗದ ಪಾಲೂ ಸೇರಿದೆ ಎಂಬುದು ಕರಾರಿಗೆ ಸಹಿ ಹಾಕಿದ ಮೇಲೆ ತಿಳಿಯಿತು. ಆ ಜಾಗದಲ್ಲಿ ಮಾಲೀಕರ ಎರಡನೆಯ ಕಾರು ನಿಂತಿದೆ. ಮೊದಲನೆಯದು ಗೇಟಿನ ಹೊರಗೆ, ಪಾದಚಾರಿ ಮಾರ್ಗದ ಮೇಲೆಯೇ ನಿಲ್ಲುತ್ತದೆ.

ಜಾಹೀರಾತಿನಲ್ಲಿ ಮೆಟ್ರೊ ನಿಲ್ದಾಣಕ್ಕೆ ‘ಐದೇ ನಿಮಿಷ’ ಎಂದಿತ್ತು. ಜಪಾನಿನಲ್ಲಿ ಮನೆಯ ಜಾಹೀರಾತಿಗೆ ಇಂತಹ ಮಾತು ಬರೆಯಬೇಕಾದರೆ 80 ಮೀಟರಿಗೆ ಒಂದು ನಿಮಿಷದಂತೆ, ರಸ್ತೆಯ ಮೇಲಿನ ದೂರವನ್ನು ಅಳೆದು, ಮಿಕ್ಕಿದ್ದನ್ನು ಮೇಲಿನ ನಿಮಿಷಕ್ಕೆ ಏರಿಸಿ ಬರೆಯಬೇಕೆಂಬ ನಿಯಮವಿದೆ. ನಮ್ಮ ದಲ್ಲಾಳಿಯವರು ಫೋನಿನ ನಕ್ಷೆಯ ಮೇಲೆ ಕಾಗೆ ಹಾರುವ ದಾರಿಯನ್ನು ಬೆರಳಿನಿಂದ ಎಳೆದು ತೋರಿಸಿದ್ದರು. ಆ ಗೆರೆ ಒಂದು ಕಾಂಪೌಂಡ್ ಗೋಡೆಯನ್ನೂ ಜನ ದಾಟಲಾಗದ ರಸ್ತೆ ವಿಭಜಕವನ್ನೂ ಹಾದುಹೋಗುತ್ತದೆ. ಕಾಲಿನಲ್ಲಿ ನಡೆಯುವ ನನಗೆ ಹದಿನಾಲ್ಕು ನಿಮಿಷ ಬೇಕು, ಅದೂ ಸಿಗ್ನಲ್ ದೊರೆತರೆ. ಸಂಚಾರ ಎಂಜಿನಿಯರುಗಳು ಪಾದಚಾರಿಯ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಸುಮಾರು 24 ಮೀಟರ್ ಅಗಲದ ನಮ್ಮ ಮುಖ್ಯರಸ್ತೆಯನ್ನು ದಾಟಲು 20 ಸೆಕೆಂಡು ಬೇಕು. ಹಸಿರು ದೀಪ ಉರಿಯುವುದು 12 ಸೆಕೆಂಡು. ಉಳಿದ ಎಂಟು ಸೆಕೆಂಡುಗಳನ್ನು ವಾಹನ ಸವಾರರ ಔದಾರ್ಯಕ್ಕೆ ಬಿಡಲಾಗಿದೆ.

ನಿಮ್ಮ ವರದಿ ನಮ್ಮ ಬಡಾವಣೆಗೆ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟಿದೆ. 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ವಾಕ್ ಸ್ಕೋರ್ ಬಗೆಯ ಅಂಕಗಳು ಅಂಗಡಿ, ಶಾಲೆ, ಉದ್ಯಾನಗಳು ಎಷ್ಟು ಹತ್ತಿರವಿವೆ ಎಂಬುದನ್ನೇ ಮುಖ್ಯವಾಗಿ ಎಣಿಸುತ್ತವೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಚಪ್ಪಡಿ ಅಲುಗುತ್ತದೆಯೇ, ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತಿದೆಯೇ ಎಂದು ಅವು ಕೇಳುವುದಿಲ್ಲ. ದಿನನಿತ್ಯ ಬೇಕಾದುದೆಲ್ಲ ಮನೆಯಿಂದ ಹದಿನೈದು ನಿಮಿಷಗಳ ನಡಿಗೆ ಇಲ್ಲವೇ ಸೈಕಲ್ ಸವಾರಿಯೊಳಗೆ ಸಿಗಬೇಕೆನ್ನುವ ಪ್ಯಾರಿಸ್ಸಿನ ‘ಹದಿನೈದು ನಿಮಿಷಗಳ ನಗರ’ದ ಹೋಲಿಕೆಯನ್ನೂ ವರದಿಗಾರರು ತಂದಿದ್ದಾರೆ, ಸಂತೋಷ. ಅಲ್ಲಿ ಆಗ ಮೇಯರ್ ಆಗಿದ್ದ ಆನ್ ಹಿಡಾಲ್ಗೊ 2020ರ ಚುನಾವಣೆಯಲ್ಲಿ ಆ ಮಾತನ್ನು ಆಡಿದಾಗ ರಸ್ತೆಬದಿಯ ಕಾರು ನಿಲುಗಡೆ ಜಾಗಗಳನ್ನು ತೆಗೆಯುವ ಮಾತನ್ನೂ ಆಡಿದ್ದರು. ಮರುವರ್ಷ ಬಹುತೇಕ ಬೀದಿಗಳಲ್ಲಿ ವಾಹನಗಳ ವೇಗಮಿತಿ ಗಂಟೆಗೆ 30 ಕಿ.ಮೀ.ಗೆ ಇಳಿಯಿತು. ನಮ್ಮಲ್ಲಿ ಪ್ಯಾರಿಸ್ಸಿನ ಹೆಸರು ಬಂದಿದೆ, ಮಿಕ್ಕದ್ದು ಬರುವವರೆಗೆ ಕಾರು ಪಾದಚಾರಿ ಮಾರ್ಗದಲ್ಲಿ ಇರಲಿದೆ.

ಈ ಚಪ್ಪಡಿಗಳ ಬಗ್ಗೆ ನಾನು ಮೂರು ಸಲ ದೂರು ದಾಖಲಿಸಿದ್ದೇನೆ. ಮೂರು ಸಲವೂ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಎರಡನೆಯ ಸಲ ಲಗತ್ತಿಸಿದ್ದ ಚಿತ್ರದಲ್ಲಿದ್ದದ್ದು ಬೇರೆ ಯಾವುದೋ ರಸ್ತೆ. ಕೇಬಲ್ ಹಾಕಲು ಅಗೆದವರು ಚಪ್ಪಡಿಗಳನ್ನು ಮಣ್ಣಿನ ಮೇಲೆ ಒರಗಿಸಿ ಹೋದರೆಂದೂ, ಹೊಂದಿಸುವ ಗುತ್ತಿಗೆ ಇನ್ನೊಬ್ಬರದೆಂದೂ, ಆ ಗುತ್ತಿಗೆ ಇನ್ನೂ ಆಗಿಲ್ಲವೆಂದೂ ಒಬ್ಬ ಎಂಜಿನಿಯರ್ ವಿವರಿಸಿದರು. ಕಚೇರಿಗೇ ಹೋದಾಗ ಅಲ್ಲಿನ ಸಿಬ್ಬಂದಿ, ‘ನೀವು ಬಾಡಿಗೆಗೆ ಇರುವವರಲ್ಲವೇ? ಮಾಲೀಕರಿಂದ ಪತ್ರ ತನ್ನಿ’ ಎಂದರು. ಮಾಲೀಕರನ್ನು ಕೇಳಿದರೆ, ‘ರಸ್ತೆ ಪಾಲಿಕೆಯದು, ನನಗೇನು ಸಂಬಂಧ’ ಎಂದರು. ಚಪ್ಪಡಿ ಮುರಿದಾಗ ಪಾಲಿಕೆಯದಾಗಿದ್ದ ರಸ್ತೆ ಬಾಡಿಗೆ ಏರಿಸುವ ದಿನ ಹೇಗೆ ಮಾಲೀಕರ ಆಸ್ತಿಯಾಯಿತು ಎಂಬುದನ್ನು ಬಲ್ಲವರು ಯಾರಾದರೂ ತಿಳಿಸಿಕೊಡಬೇಕು. ಕಳೆದ ಚುನಾವಣೆಗೆ ಮುನ್ನ ಇದೇ ರಸ್ತೆಯ ಅಂಚುಗಲ್ಲುಗಳಿಗೆ ಎರಡು ಸಲ ಬಣ್ಣ ಬಳಿದರು; ಯಾರೂ ಬಿದ್ದದ್ದು ಅಂಚುಗಲ್ಲಿನ ಮೇಲಲ್ಲ.

ಆದ್ದರಿಂದ ಸಂಬಂಧಪಟ್ಟವರು, ಅವರು ಯಾರೇ ಆಗಿರಲಿ, ಈ ಚಪ್ಪಡಿಗಳನ್ನು ಕೂಡಲೇ ಸರಿಪಡಿಸಬೇಕು. ಅದು ಆಗದಿದ್ದರೆ ನೀವಾದರೂ ನಿಮ್ಮ ವರದಿಗೆ ತಿದ್ದುಪಡಿ ಪ್ರಕಟಿಸಿ, ನಮ್ಮ ಬಡಾವಣೆಯ ಅಂಕಗಳನ್ನು ಇಳಿಸಿಕೊಡಬೇಕು. ಬಾಡಿಗೆ ಜಾಹೀರಾತಿನ ‘ಐದು ನಿಮಿಷ’ಗಳಿಗೂ ಒಂದು ಕಡಿವಾಣ ಬೇಕು. ಇವ್ಯಾವುವೂ ಆಗದಿದ್ದರೆ ಅಂಕ ಕೊಟ್ಟವರು, ಅಗೆದವರು, ‘ಪರಿಹರಿಸಲಾಗಿದೆ’ ಎಂದು ಬರೆದವರು ಒಟ್ಟಾಗಿ ಒಂದು ಸಂಜೆ ಎರಡೂ ಕೈಯಲ್ಲಿ ಚೀಲ ಹಿಡಿದು ನಿಲ್ದಾಣದಿಂದ ನಮ್ಮ ಗೇಟಿನವರೆಗೆ ನಡೆದು ಬರಲಿ. ಮುಲಾಮು ನನ್ನ ಮನೆಯಲ್ಲಿದೆ. ಮಾಲೀಕರಿಗೆ ಉತ್ತರ ಕೊಡಲು ನನಗಿರುವ ಗಡುವು ಈ ತಿಂಗಳ ಕೊನೆ.

ತಮ್ಮ ವಿಶ್ವಾಸಿ,
ಕಾರು ಮಾರಿದ ಬಾಡಿಗೆದಾರ